ಮುಳ್ಳಿಲ್ಲದ ಕೈಗಡಿಯಾರ

ಪುಟ್ಟಿಗೆ ನಲವತ್ತೊಂದು ವರ್ಷ. ಪುಸ್ತಕ ಕಟ್ಟುವ ಕಾರ್ಖಾನೆಯಲ್ಲಿ ಅವಳು ಹೊಲಿಗೆ ಮೇಜಿನ ಮುಖ್ಯಸ್ಥೆ. ಅವಳ ಕೈಕೆಳಗೆ ಆರು ಜನ ಹೆಂಗಸರು ಹಾಳೆ ಮಡಿಸಿ, ಕಂತೆ ಜೋಡಿಸಿ, ದಾರ ಹಾಕಿ, ಪುಸ್ತಕದ ಬೆನ್ನಿಗೆ ಅಂಟು ಬಳಿಯುತ್ತಿದ್ದರು. ಅಲ್ಲಿ ಅವಳನ್ನು ಮೇಡಂ ಎನ್ನದವರಿಲ್ಲ. ಅಣ್ಣನಿಗೆ ಮಾತ್ರ ಅವಳು ಇನ್ನೂ ಪುಟ್ಟಿಯೇ. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಯ ಮಹಡಿ ಕೋಣೆಗೆ ಬಂದು ಒಂಬತ್ತು ವರ್ಷವಾಗಿತ್ತು. ಕೆಳಗೆ ಅಣ್ಣ, ಅತ್ತಿಗೆ ಮತ್ತು ಅವರ ಹದಿಮೂರು ವರ್ಷದ ಮಗಳು ಇದ್ದರು. ಅಣ್ಣ ಸಿಟಿ ಬಸ್ಸಿನ ಡ್ರೈವರು. ಇಪ್ಪತ್ತೆರಡು ವರ್ಷದಲ್ಲಿ ಒಂದು ಕೋಳಿಗೂ ತಾಗಿಸಿದವನಲ್ಲ ಎಂದು ಡಿಪೋದಲ್ಲಿ ಹೆಸರು ಮಾಡಿದ್ದ.

ಒಂದು ರಜೆಯ ದಿನ ಅಣ್ಣ ಮೆಟ್ಟಿಲು ಹತ್ತಿ ಮೇಲೆ ಬಂದ. ಹಾಗೆ ಬರುವವನಲ್ಲ. ಬೇಕಾದರೆ ಕೆಳಗಿನಿಂದಲೇ ಕೂಗುವವನು.

"ಪುಟ್ಟಿ, ನಂಗೊಂದು ವಾಚು ತಂದ್ಕೊಡ್ತೀಯಾ?"

"ಕೈಯಲ್ಲಿರೋದಕ್ಕೇನಾಯ್ತು?"

"ಅದರ ಮುಳ್ಳುಗಳು ಗಂಡ ಹೆಂಡತಿ ಇದ್ದಂಗೆ. ಯಾವಾಗ ಒಂದಾಗಿರ್ತವೆ, ಯಾವಾಗ ಮುಖ ತಿರುಗಿಸ್ಕೊಂಡಿರ್ತವೆ, ಒಂದೂ ತಿಳಿಯಲ್ಲ. ಮುಳ್ಳೇ ಇಲ್ಲದ್ದು ನೋಡು. ಬೇರೆ ಥರ ಟೈಮ್ ತೋರಿಸೋದು ಏನಾದ್ರೂ ಬಂದಿರುತ್ತಲ್ಲ ಈಗ."

"ಅಂಕಿ ಬರೋದು ಬೇಕಾದಷ್ಟಿದೆ."

"ಆ ಮಿಣಿಮಿಣಿ ಬೇಡ ಮಾರಾಯ್ತಿ, ಬಿಸಿಲಿಗೆ ಹಿಡಿದ್ರೆ ಏನೂ ಕಾಣಲ್ಲ. ಗುಂಡಿ ಒತ್ತಿದ್ರೆ ಗಂಟೆ ಹೇಳೋದೂ ಬೇಡ, ಬಸ್ಸಲ್ಲಿ ಜನ ನಗ್ತಾರೆ. ಜೇಬಿಗೆ ತೂತು ಬೀಳದ ಹಾಗೆ ಏನಾದ್ರೂ ತಾ." ಇಳಿಯುವಾಗ ಗೋಡೆಗೆ ಕೈ ಊರಿ ಸ್ವಲ್ಪ ನಿಂತ. "ನಿಮ್ಮ ಅತ್ತಿಗೆ ಕಿವಿಗೆ ಹಾಕ್ಬೇಡ. ಈ ವಯಸ್ಸಲ್ಲಿ ಎಂಥ ಶೋಕಿ ಅಂತಾಳೆ."

ಪುಟ್ಟಿಗೆ ನಗು ಬಂತು. ಐವತ್ತು ದಾಟಿದವನಿಗೆ ಹೊಸ ಆಸೆ ಹುಟ್ಟಿದೆಯಲ್ಲ, ಹುಟ್ಟಲಿ ಬಿಡು ಅಂದುಕೊಂಡಳು.

ಮರುದಿನ ಕೆಲಸ ಬಿಟ್ಟ ಮೇಲೆ ಅಂಗಡಿ ಬೀದಿಗೆ ಹೋದಳು. ಮೊದಲನೆಯ ಅಂಗಡಿಯ ಹುಡುಗಿ ಒಂದೇ ಮುಳ್ಳಿರುವ ವಾಚು ತೋರಿಸಿದಳು. ಎರಡರ ಬದಲು ಒಂದಾದರೂ ಮುಳ್ಳು ಮುಳ್ಳೇ. ಎರಡನೆಯದರಲ್ಲಿ ಬಣ್ಣದ ಬಿಲ್ಲೆಗಳು ತಿರುಗುತ್ತಿದ್ದವು. ಯಾವ ಬಣ್ಣಕ್ಕೆ ಯಾವ ಗಂಟೆ ಎಂದು ಮಾರುವವನಿಗೇ ಗೊತ್ತಿರಲಿಲ್ಲ. ಮೂರನೆಯ ಅಂಗಡಿಯಲ್ಲಿ ಬೆಲೆ ಕೇಳಿದವಳೇ ಥಟ್ಟನೆ ಹೊರಗೆ ಬಂದಳು. ನಾಲ್ಕನೆಯದರಲ್ಲಿ ಸಿಕ್ಕಿತು. ಎರಡೇ ಕಿಟಕಿ, ಒಂದರಲ್ಲಿ ಗಂಟೆ, ಇನ್ನೊಂದರಲ್ಲಿ ನಿಮಿಷ. ಬಿಳಿಯ ಮೇಲೆ ಕಪ್ಪು ಅಂಕಿಗಳು ಉಗುರಿನಷ್ಟು ಅಗಲ. ಬೆಲೆಯೂ ಹದವಾಗಿತ್ತು.

ಅಣ್ಣ ಅದನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದ, ಮೂಗಿನ ಹತ್ತಿರ ತಂದ, ಆಮೇಲೆ ಕಿವಿಯ ಪಕ್ಕಕ್ಕೆ ಒಯ್ದು ಕುತ್ತಿಗೆ ಓರೆ ಮಾಡಿದ. "ಚೆನ್ನಾಗಿದೆ" ಎಂದ. ಎರಡು ದಿನ ಬಿಟ್ಟು ಅವಳ ಮೇಜಿನ ಮೇಲೆ ವಾಪಸು ಇಟ್ಟ.

"ಅಂಕಿ ಸಣ್ಣದಾಯ್ತು ಕಣೆ."

"ಸಣ್ಣದಾ! ಎದುರು ಮನೆಯೋರೂ ಓದ್ಬಹುದು ಅದನ್ನ."

"ಎದುರು ಮನೆಯೋರಿಗೆ ಕೊಟ್ಬಿಡು ಹಾಗಾದ್ರೆ" ಎಂದು ಅಣ್ಣ ನಕ್ಕ. ಆದರೆ ನಕ್ಕಾಗ ಅವನ ಮುಖ ಅವಳ ಕಡೆಗಿರಲಿಲ್ಲ. ಅವಳ ಭುಜದ ಆಚೆ, ಬಾಗಿಲ ಚೌಕಟ್ಟನ್ನು ನೋಡಿ ನಗುತ್ತಿದ್ದ.

ಆಮೇಲೆಯೇ ಪುಟ್ಟಿಗೆ ಒಂದೊಂದಾಗಿ ಗಮನಕ್ಕೆ ಬರತೊಡಗಿತು. ಅಣ್ಣ ಪೇಪರು ತೆರೆದು ಕೂರುತ್ತಿದ್ದ, ಆದರೆ ಪುಟ ತಿರುವುತ್ತಿರಲಿಲ್ಲ. ಚಹಾ ಬಗ್ಗಿಸುವಾಗ ಲೋಟದ ಅಂಚಿನೊಳಗೆ ಬೆರಳು ಇಳಿಬಿಡುತ್ತಿದ್ದ. ಬಿಸಿ ತಾಕಿದ ಕೂಡಲೇ ನಿಲ್ಲಿಸುತ್ತಿದ್ದ. ಒಮ್ಮೆ ಮಗಳು ಚಪ್ಪಲಿಯನ್ನು ಬಾಗಿಲ ನಡುವೆ ಬಿಟ್ಟಿದ್ದಕ್ಕೆ ಮನೆ ಹಾರುವಂತೆ ಕೂಗಾಡಿದ. "ವಸ್ತು ಇಟ್ಟಲ್ಲೇ ಇರ್ಬೇಕು!" ಎಂದು ಅವನು ಗುಡುಗಿದಾಗ ಅತ್ತಿಗೆ, "ಡ್ಯೂಟಿ ಸಿಟ್ಟೆಲ್ಲ ಮನೆಗೆ ತರ್ಬೇಡಿ" ಎಂದು ಗೊಣಗಿದರು. ಪುಟ್ಟಿಗೆ ಮಾತ್ರ ಒಳಗೊಳಗೇ ಏನೋ ಕೊರೆಯಿತು. ಏನು ಎಂದು ಹೆಸರಿಡಲು ಅವಳಿಗೆ ಮನಸ್ಸಾಗಲಿಲ್ಲ.

ಗಡಿಯಾರ ರಿಪೇರಿ ಮಾಡುವ ಮುದುಕರೊಬ್ಬರಿದ್ದಾರೆಂದು ಕೇಳಿ ಅವಳು ಅಲ್ಲಿಗೆ ಹೋದಳು. ಅವರ ಅಂಗಡಿ ಒಂದು ಕಟ್ಟಡದ ಮೆಟ್ಟಿಲ ಕೆಳಗಿತ್ತು. ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗವಿಲ್ಲ. ಅವರು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗಾಜನ್ನು ತೆಗೆದು ಪುಟ್ಟಿಯ ಮಾತನ್ನೆಲ್ಲ ಕೇಳಿಸಿಕೊಂಡರು. ಆಮೇಲೆ ಕೆಳಗಿನ ಖಾನೆಯಿಂದ ಒಂದು ರಟ್ಟಿನ ಡಬ್ಬಿ ತೆಗೆದರು.

"ಇದು ಬಂದು ಮೂರು ವರ್ಷ ಆಯ್ತಮ್ಮ. ಯಾರೂ ಮುಟ್ಟಲಿಲ್ಲ. ಅಗ್ಗಕ್ಕೇ ಕೊಡ್ತೀನಿ."

ಬೂದು ಬಣ್ಣದ ಲೋಹದ ವಾಚು. ಗಾಜಿರಲಿಲ್ಲ, ಮುಳ್ಳೂ ಅಂಕಿಯೂ ಇರಲಿಲ್ಲ. ಮುಖದ ಮೇಲೊಂದು ಸುತ್ತು, ಅಂಚಿನಲ್ಲೊಂದು ಸುತ್ತು ಕಾಲುವೆ ಕೊರೆದಿತ್ತು. ಎರಡರಲ್ಲೂ ಕಾಳುಮೆಣಸಿನಷ್ಟು ದಪ್ಪದ ಒಂದೊಂದು ಉಕ್ಕಿನ ಗುಂಡು. ಗಂಟೆಗೊಂದರಂತೆ ಉಬ್ಬು ಗೆರೆಗಳು.

"ಮೇಲಿನ ಗುಂಡು ನಿಮಿಷ, ಅಂಚಿನದು ಗಂಟೆ. ಒಳಗಿನ ಅಯಸ್ಕಾಂತ ಅವನ್ನ ಎಳ್ಕೊಂಡು ಹೋಗುತ್ತೆ. ಕಣ್ಣು ಮುಚ್ಚಿ, ಬೆರಳಿಟ್ಟು ನೋಡಿ."

ಅವಳು ಕಣ್ಣು ಮುಚ್ಚಿದಳು. ಐದು ಗಂಟೆ, ಮುಕ್ಕಾಲರ ಹತ್ತಿರ. ಕಣ್ಣು ತೆರೆದು ಗೋಡೆಯ ಗಡಿಯಾರ ನೋಡಿದಳು. ಐದು ನಲವತ್ತಮೂರು.

"ಅರೆ! ಚೆನ್ನಾಗಿದೆಯಲ್ಲ."

"ಮೇಜಿನ ಕೆಳಗೆ ಕೈ ಇಟ್ಕೊಂಡೇ ಟೈಮ್ ತಿಳ್ಕೋಬಹುದು. ಪಕ್ಕದಲ್ಲಿ ಕೂತೋರಿಗೂ ಗೊತ್ತಾಗಲ್ಲ." ಮುದುಕರು ಪಟ್ಟಿ ಒರೆಸುತ್ತ ಕೇಳಿದರು: "ಯಾರಿಗಮ್ಮ ಇದು? ಕಣ್ಣು ಪೂರ್ತಿ ಹೋಗಿದೆಯಾ, ಸ್ವಲ್ಪ ಉಳಿದಿದೆಯಾ?"

"ಅಯ್ಯೋ, ಹಾಗೇನಿಲ್ಲ. ನಮ್ಮಣ್ಣನಿಗೆ, ಸುಮ್ನೆ ಶೋಕಿಗೆ. ಅವನು ಬಸ್ ಡ್ರೈವರು."

ಒರೆಸುತ್ತಿದ್ದ ಕೈ ನಿಂತಿತು. ಮುದುಕರು ಅವಳನ್ನೂ ವಾಚನ್ನೂ ಒಂದು ಸಲ ನೋಡಿದರು. ಹೊರಗೆ ಯಾವುದೋ ಬಸ್ಸು ಹಾರನ್ ಹಾಕುತ್ತ ಹೋಯಿತು. ಅದರ ಸದ್ದಿಗೆ ಮೇಜಿನ ಮೇಲಿನ ಸಣ್ಣ ತಿರುಪುಗಳು ಅದುರಿದವು.

"ಡ್ರೈವರು" ಎಂದರು ಅವರು. "ಅಮ್ಮಾ, ನಾನು ವ್ಯಾಪಾರದೋನು, ಕೇಳಿದ್ದನ್ನ ಕೊಡ್ತೀನಿ. ಆದ್ರೆ ಒಂದು ಮಾತು. ಕಣ್ಣು ಸರಿಯಿರೋ ಒಬ್ಬರೂ ಈವರೆಗೆ ನನ್ನ ಹತ್ರ ಇಂಥದ್ದು ಕೇಳಿಲ್ಲ."

ಪುಟ್ಟಿ ಹಣ ಕೊಟ್ಟು ಹೊರಬಿದ್ದಳು. ಮನೆಯವರೆಗೂ ನಡೆದೇ ಹೋದಳು. ಬಸ್ಸು ಹತ್ತುವ ಧೈರ್ಯವಾಗಲಿಲ್ಲ.

ಅಣ್ಣ ಊಟ ಮುಗಿಸಿ ಕುರ್ಚಿಯಲ್ಲಿ ಕೂತಿದ್ದ. ಅವಳು ಡಬ್ಬಿಯಿಂದ ವಾಚು ತೆಗೆದು ಅವನ ಅಂಗೈಗೆ ಹಾಕಿದಳು. ಹೇಗೆ ನೋಡುವುದೆಂದು ಅವನು ಕೇಳುತ್ತಾನೆ, ಆಗ ಹೇಳಿಕೊಡೋಣ ಎಂದು ಕಾದಳು. ಅವನು ಕೇಳಲಿಲ್ಲ. ಹೆಬ್ಬೆರಳು ತಾನಾಗಿಯೇ ಮುಖದ ಗುಂಡನ್ನು ಹುಡುಕಿತು, ತೋರುಬೆರಳು ಅಂಚಿಗೆ ಹೋಯಿತು.

"ಎಂಟೂ ಹತ್ತು" ಎಂದ. ಅವನ ಮುಖ ಅರಳಿತು. "ಪುಟ್ಟಿ, ನೀನು ನನ್ನ ತಂಗಿಯಲ್ಲ ಕಣೆ, ನಮ್ಮಮ್ಮ!"

ಆ ರಾತ್ರಿ ಅವಳು ಹಾಸಿಗೆಯಲ್ಲಿ ಬಹಳ ಹೊತ್ತು ಹೊರಳಾಡಿದಳು.

ವಾರದ ನಡುವೆ ಅರ್ಧ ದಿನದ ರಜೆ ಹಾಕಿ, ಕಾರ್ಖಾನೆಯ ಎದುರಿನ ನಿಲ್ದಾಣದಲ್ಲಿ ಪುಟ್ಟಿ ಅಣ್ಣನ ಬಸ್ಸಿಗೆ ಕಾದಳು. ಎರಡು ಗಂಟೆಯ ಸುಡುಬಿಸಿಲು. ಬಸ್ಸು ಬಂತು. ಅವಳು ಮುಂದಿನ ಬಾಗಿಲಿಂದ ಹತ್ತಿ, ಅಣ್ಣನಿಂದ ಒಂದು ಮೊಳದ ಅಂತರದಲ್ಲಿ ನಿಂತಳು. ಹೆಜ್ಜೆಯ ಸದ್ದಿಗೆ ಅವನು ತಿರುಗಿದ. ನೇರ ಅವಳ ಮುಖವನ್ನೇ ನೋಡಿದ.

"ಒಳಗೆ ಹೋಗಿ ಅಮ್ಮಾ, ಬಾಗಿಲಲ್ಲಿ ನಿಲ್ಬೇಡಿ."

ಅಣ್ಣ ಅವಳನ್ನು ಹುಟ್ಟಿದಾಗಿನಿಂದ 'ನೀವು' ಎಂದವನಲ್ಲ. ಸದ್ದಿಲ್ಲದೆ ಅವನ ಹಿಂದಿನ ಸೀಟಿನಲ್ಲಿ ಕೂತಳು.

ಕಂಡಕ್ಟರು ಅತ್ತಿಗೆಯ ಸ್ವಂತ ತಮ್ಮ. ಸದಾ ಬಾಯಲ್ಲಿ ಸೀಟಿ ಇಟ್ಟುಕೊಂಡಿರುತ್ತಾನೆಂದು ಅವನಿಗೆ ಪೀಪಿ ಎಂದೇ ಹೆಸರು. ಅವಳನ್ನು ಕಂಡದ್ದೇ ಅವನು ತುಟಿಯ ಮೇಲೆ ಬೆರಳಿಟ್ಟು, ಬೇಡ ಎಂಬಂತೆ ತಲೆಯಾಡಿಸಿದ. ಬಸ್ಸು ಹೊರಟಿತು. ಪೀಪಿ ಹಿಂದಕ್ಕೆ ಹೋಗಲೇ ಇಲ್ಲ. ಡ್ರೈವರಿನ ಪಕ್ಕದ ಕಂಬ ಹಿಡಿದು, ರಸ್ತೆಯ ಮೇಲೆ ಕಣ್ಣು ನೆಟ್ಟು ನಿಂತ. ಟಿಕೆಟ್ ಬೇಕಾದವರು ಮುಂದೆ ಬರಬೇಕಿತ್ತು. ಅವನ ಸೀಟಿ ಸುಮ್ಮನೆ ಊದುವ ಸೀಟಿಯಲ್ಲ ಎಂದು ಅವಳಿಗೆ ಮೂರು ನಿಲ್ದಾಣ ದಾಟುವಷ್ಟರಲ್ಲಿ ತಿಳಿಯಿತು. ಒಂದು ಗಿಡ್ಡ ಸೀಟಿ ಊದಿದರೆ ಅಣ್ಣ ನಿಧಾನ ಮಾಡುತ್ತಿದ್ದ. ಎರಡಕ್ಕೆ ನಿಲ್ಲಿಸುತ್ತಿದ್ದ. ನಡುನಡುವೆ ಪೀಪಿ ತುಟಿಯಂಚಿನಲ್ಲೇ ಹೇಳುತ್ತಿದ್ದ: "ಎಡಕ್ಕೆ ಸೈಕಲ್ಲು, ಭಾವ... ಕೆಂಪು ಬಿತ್ತು... ಹ್ಞೂ, ಹೋಯ್ತು, ರೈಟ್." ಅಣ್ಣ ಕುತ್ತಿಗೆ ಓರೆ ಮಾಡಿಕೊಂಡು, ಯಾವುದೋ ಮಾತನ್ನು ಕಿವಿಗೊಟ್ಟು ಕೇಳುವವನಂತೆ ಓಡಿಸುತ್ತಿದ್ದ.

ಬಸ್ಸಿನಲ್ಲಿ ನಲವತ್ತು ಜನರಿದ್ದರು. ಒಬ್ಬಳು ಮಗುವಿಗೆ ಹಾಲು ಕುಡಿಸುತ್ತಿದ್ದಳು. ಇಬ್ಬರು ಮುದುಕರು ಹಲ್ಲಿನ ಡಾಕ್ಟರನ್ನು ಬೈದುಕೊಳ್ಳುತ್ತಿದ್ದರು. ಶಾಲೆಯ ನಿಲ್ದಾಣದಲ್ಲಿ ಚೀಲ ಹೊತ್ತ ಮಕ್ಕಳು ಗಲಗಲ ಎಂದು ತುಂಬಿಕೊಂಡರು.

ಆ ಗದ್ದಲದಲ್ಲಿ ಹಿಂದೆ ಯಾರೋ ಚಿಲ್ಲರೆಗಾಗಿ ಜಗಳ ತೆಗೆದರು. "ಏಯ್ ಕಂಡಕ್ಟರ್, ಇಲ್ಲಿ ಬಾರಯ್ಯ, ನಿನ್ನನ್ನೇನು ಅಲ್ಲಿ ಕಂಬಕ್ಕೆ ಕಟ್ಟಿದ್ದಾರಾ?" ಮಾತು ಏರಿ ಅಂಗಿ ಹಿಡಿಯುವ ತನಕ ಹೋದಾಗ ಪೀಪಿ ವಿಧಿಯಿಲ್ಲದೆ ಹಿಂದಕ್ಕೆ ನುಗ್ಗಿದ.

ಮುಂದೆ ರಸ್ತೆ ನೇರವಾಗಿತ್ತು. ಒಬ್ಬ ಪೇಂಟರು ತಳ್ಳುಗಾಡಿಯಲ್ಲಿ ಬಣ್ಣದ ಡಬ್ಬಗಳನ್ನು ಒಟ್ಟಿಕೊಂಡು ಅಡ್ಡ ದಾಟುತ್ತಿದ್ದ. ಬಸ್ಸು ಬಂದರೂ ಅವನಿಗೆ ಅವಸರವಿಲ್ಲ. ಅಷ್ಟು ದೂರದಿಂದ ಕಾಣುತ್ತಿರುವವನನ್ನು ನೋಡಿ ಯಾರು ನಿಲ್ಲಿಸುವುದಿಲ್ಲ? ಪುಟ್ಟಿ ಅಣ್ಣನ ಕಾಲನ್ನು ನೋಡಿದಳು. ಕಾಲು ಬ್ರೇಕಿನ ಕಡೆ ಹೋಗಲಿಲ್ಲ. ಇನ್ನೂ ಹೋಗಲಿಲ್ಲ.

"ಅಣ್ಣಾ! ಗಾಡಿ!"

ಬಸ್ಸು ಕಿರುಚಿ, ಒಂದು ಬದಿಗೆ ವಾಲಿ ನಿಂತಿತು. ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದರು. ಪೇಂಟರು ಹಾರಿದ್ದ. ಅವನ ತಳ್ಳುಗಾಡಿ ಮಾತ್ರ ಬಂಪರಿಗೆ ಸಿಕ್ಕಿ ನಜ್ಜುಗುಜ್ಜಾಗಿ, ಬಿಳಿ ಬಣ್ಣ ರಸ್ತೆಯ ತುಂಬ ಹರಿಯಿತು. ಭುಜ ಹಿಡಿದುಕೊಂಡು ಎದ್ದು ನಿಂತ ಅವನು ಬಾಯಿಗೆ ಬಂದಂತೆ ಬೈಯತೊಡಗಿದ. ಆ ಬೈಗುಳ ಪುಟ್ಟಿಯ ಕಿವಿಗೆ ಸಂಗೀತದಂತೆ ಕೇಳಿತು. ಸತ್ತವರು ಬೈಯುವುದಿಲ್ಲವಲ್ಲ.

ಅಣ್ಣ ಮೆಲ್ಲನೆ ಹಿಂದಕ್ಕೆ ತಿರುಗಿದ. "ಪುಟ್ಟಿ? ನೀನು ಯಾವಾಗ ಹತ್ತಿದೆ?"

ಪೀಪಿ ಗಾಡಿಯ ಹಣ ಕೊಟ್ಟು ಪೇಂಟರನ್ನು ಒಪ್ಪಿಸಿ ಬಂದು, ಮತ್ತೆ ಕಂಬ ಹಿಡಿದು ನಿಂತ ಮೇಲೆಯೇ ಬಸ್ಸು ಹೊರಟಿತು. ಕೊನೆಯ ನಿಲ್ದಾಣದಲ್ಲಿ ಜನರೆಲ್ಲ ಇಳಿದ ಮೇಲೆ ಮೂವರೇ ಉಳಿದರು. ಪೀಪಿ ಬಾಗಿಲು ಮುಚ್ಚಿದ.

"ಎಷ್ಟು ದಿನದಿಂದ?" ಎಂದು ಪುಟ್ಟಿ ಕೇಳಿದಳು.

"ಎರಡು ವರ್ಷ" ಎಂದ ಅಣ್ಣ. "ಮೊದಲು ನಡುವೆ ಒಂದು ಚುಕ್ಕೆ ಇತ್ತು. ಒದ್ದೆ ಶಾಯಿ ಮೇಲೆ ಹೆಬ್ಬೆರಳು ಎಳೆದ ಹಾಗೆ. ಈಗ ಅಂಗೈಯಷ್ಟಾಗಿದೆ. ಯಾವುದನ್ನ ನೋಡ್ತೀನೋ ಅದೇ ಮಾಯ. ಪಕ್ಕದ್ದೆಲ್ಲ ಕಾಣುತ್ತೆ."

"ವರ್ಷ ವರ್ಷ ಕಣ್ಣು ನೋಡ್ತಾರಲ್ಲ ಡಿಪೋದಲ್ಲಿ?"

"ಆ ಅಕ್ಷರದ ಹಲಗೆ ನಾನು ಸೇರಿದಾಗಿಂದ ಅದೇ. ನಂಗೆ ಬಾಯಿಪಾಠ."

"ಅಕ್ಕ, ನಾನಿದ್ದೀನಲ್ಲ" ಎಂದು ಪೀಪಿ ನಡುವೆ ಬಾಯಿ ಹಾಕಿದ. "ಭಾವನ ಕಣ್ಣು ನಾನೇ. ಇವತ್ತೊಂದಿನ ಏನೋ ಹೆಚ್ಚುಕಡಿಮೆ ಆಯ್ತು."

"ಎರಡನೇ ದಿನ ಹೆಚ್ಚುಕಡಿಮೆ ಆದ್ರೆ ಎಷ್ಟು ಹೆಣ ಲೆಕ್ಕ ಹಾಕ್ಬೇಕೋ?" ಪುಟ್ಟಿ ಅಣ್ಣನ ಕಡೆ ತಿರುಗಿದಳು. "ಆ ಮಕ್ಕಳು, ಅಣ್ಣ. ನಿನ್ನ ಮಗಳೂ ಇದೇ ಬಸ್ಸಲ್ಲಿ ಬರ್ತಾಳಲ್ಲೋ."

ಅಣ್ಣ ಸ್ಟೇರಿಂಗಿನ ಮೇಲೆ ತಲೆ ಊರಿದ. ಬೇರೆಯೇ ಮಾತು ತೆಗೆದ.

"ಅಪ್ಪನ್ನ ಜನ ದೊರೆ ಅಂತಿದ್ರು, ನೆನಪಿದೆಯಾ?"

ನೆನಪಿಲ್ಲದೆ ಏನು. ಅಪ್ಪ ಬೀದಿಯಲ್ಲಿ ಎದುರಾದವರನ್ನು ಮಾತಾಡಿಸದೆ ಹೋಗುತ್ತಿದ್ದರು. ಸೊಕ್ಕಿನ ಮನುಷ್ಯ, ನೆಲ ನೋಡಿ ನಡೆಯುವುದಿಲ್ಲ ಎಂದು ಊರೇ ಆಡಿಕೊಳ್ಳುತ್ತಿತ್ತು. ಒಮ್ಮೆ ಶಾಲೆಯ ಗೇಟಿನಲ್ಲಿ, ಅಪ್ಪಾ ಎಂದು ಕೈಬೀಸಿದ ಎಂಟು ವರ್ಷದ ಪುಟ್ಟಿಯನ್ನು ದಾಟಿಕೊಂಡೇ ಹೋಗಿದ್ದರು. ಅವಳು ಅಂದು ಅತ್ತದ್ದನ್ನು ಅಪ್ಪ ಸತ್ತ ದಿನವೂ ಮರೆತಿರಲಿಲ್ಲ.

"ದೂರದ ಊರಿಗೆ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸ್ದೆ" ಎಂದ ಅಣ್ಣ. "ಇದು ವಂಶದಲ್ಲಿ ಬರೋದಂತೆ. ಔಷಧ ಇಲ್ಲ. ಅಪ್ಪನಿಗೆ ಸೊಕ್ಕಿರ್ಲಿಲ್ಲ ಕಣೆ, ಪುಟ್ಟಿ. ಕಾಣ್ತಿರ್ಲಿಲ್ಲ."

ವಂಶದಲ್ಲಿ ಎಂದರೆ ತಾನೂ ಇದ್ದೇನೆ. ಆ ಯೋಚನೆಯನ್ನು ಅವಳು ಅಲ್ಲಿಯೇ ಒತ್ತಿ ಹಿಡಿದಳು.

"ನೀನೇ ಡಿಪೋದಲ್ಲಿ ಹೇಳು. ಇಲ್ಲದಿದ್ರೆ ನಾನು ಹೇಳ್ತೀನಿ."

"ನಾಳೆ" ಎಂದ ಅಣ್ಣ. "ನಾಳೆ ನಾನೇ ಹೇಳ್ತೀನಿ. ಅಪ್ಪನಾಣೆ."

ಬೆಳಿಗ್ಗೆ ಅವಳು ಕೆಳಗಿಳಿದಾಗ ಅಣ್ಣನ ಬೂಟು ಜಾಗದಲ್ಲಿರಲಿಲ್ಲ. "ಐದಕ್ಕೇ ಹೊರಟ್ರು, ಡ್ಯೂಟಿ ಅಂತ" ಎಂದರು ಅತ್ತಿಗೆ. ಪುಟ್ಟಿ ಚಹಾ ಕುಡಿಯದೆ ಆಟೋ ಹಿಡಿದು ಡಿಪೋಗೆ ಹೋದಳು.

ಮ್ಯಾನೇಜರು ಕನ್ನಡಕ ಹಣೆಗೇರಿಸಿಕೊಂಡು ಅವಳ ಮಾತು ಕೇಳಿದರು. "ನೀವು ಅವರಿಗೇನಾಗ್ಬೇಕು?"

"ತಂಗಿ."

"ತಂಗಿಯಾಗಿ ಇದನ್ನ ಹೇಳೋಕೆ ಬಂದ್ರಾ?"

"ತಂಗಿಯಾಗಿದ್ದಕ್ಕೇ ಬಂದೆ. ಬಸ್ ಎಲ್ಲಿದೆ ಈಗ?"

ಬಸ್ಸು ಆರಕ್ಕೇ ಹೊರಟಿತ್ತು. ಎರಡನೆಯ ಟ್ರಿಪ್ಪಿನಲ್ಲಿತ್ತು. ಆಗ ಪುಟ್ಟಿಯ ಕಣ್ಣು ಕಿಟಕಿಯ ಹೊರಗೆ ಬಿತ್ತು. ಟಯರಿನ ರಾಶಿಯ ಪಕ್ಕ ಪೀಪಿ ಕುಕ್ಕರುಗಾಲಲ್ಲಿ ಕೂತಿದ್ದ. ಅವಳು ಓಡಿ ಹೋಗಿ ಅವನ ತೋಳು ಹಿಡಿದಳು.

"ನೀನಿಲ್ಲಿ ಏನು ಮಾಡ್ತಿದ್ದೀಯೋ?"

"ನಿನ್ನೆ ಆ ಪೇಂಟರ್ ಗಾಡಿ ನೋಡಿದ ಮೇಲೆ ನಂಗೆ ಕೈಕಾಲು ಆಡ್ಲಿಲ್ಲ ಅಕ್ಕ. ಬೆಳಿಗ್ಗೆ ಮೈ ಸರಿಯಿಲ್ಲ ಅಂತ ಬರೆದುಕೊಟ್ಟೆ. ನಾನಿಲ್ಲದಿದ್ರೆ ಭಾವನೂ ಬಸ್ ತೆಗೆಯಲ್ಲ ಅಂದ್ಕೊಂಡೆ." ಅವನು ಅಳುತ್ತಿದ್ದ. "ಅವರು ಯಾರೋ ಹೊಸ ಕಂಡಕ್ಟರನ್ನ ಹತ್ತಿಸ್ಕೊಂಡು ಹೋಗ್ಬಿಟ್ರು."

ಮ್ಯಾನೇಜರು ಆಗಲೇ ಇನ್‌ಸ್ಪೆಕ್ಟರನ್ನು ಮೋಟರ್ ಬೈಕಿನಲ್ಲಿ ಅಟ್ಟಿದ್ದರು. ಹೊಸ ಕಂಡಕ್ಟರಿನ ಫೋನು ಎತ್ತುವವರಿಲ್ಲ. ಡಿಪೋದ ಅಂಗಳದಲ್ಲಿ ಒಂದಾದ ಮೇಲೊಂದು ಬಸ್ಸು ಒಳಗೆ ಬಂತು. ಪ್ರತಿಯೊಂದರ ನಂಬರನ್ನೂ ಪುಟ್ಟಿ ಓದಿದಳು. ಯಾವುದೂ ಅಣ್ಣನದಲ್ಲ. ಎಂಟಾಯಿತು. ಶಾಲೆಗೆ ಮಕ್ಕಳು ಹೋಗುವ ಹೊತ್ತು. ಎಂಟೂವರೆಯಾಯಿತು. ದೂರದಲ್ಲೆಲ್ಲೋ ಆಂಬುಲೆನ್ಸಿನ ಸದ್ದು ಕೇಳಿ ಪೀಪಿ ಕಿವಿ ಮುಚ್ಚಿಕೊಂಡ.

ಮೇಜಿನ ಫೋನು ಹೊಡೆದುಕೊಂಡಿತು. ಮ್ಯಾನೇಜರು ಕೇಳಿದರು, ಕೇಳುತ್ತಲೇ ಇದ್ದರು. ಇಟ್ಟ ಮೇಲೆ ಹಣೆ ಒರೆಸಿಕೊಂಡರು.

"ಸಿಕ್ಕಿತು. ಯಾರಿಗೂ ಏನೂ ಆಗಿಲ್ಲ."

ಬಸ್ಸು ಶಾಲೆಗೆ ಹೋಗುವ ದಾರಿಯಲ್ಲಿ, ರಸ್ತೆಯ ಮಧ್ಯೆ ನಿಂತಿತ್ತಂತೆ. ಮುಂದೆ ನೀರಿನ ಪೈಪಿಗಾಗಿ ಅಗೆದ ಗುಂಡಿ, ಅದರ ಅಂಚಿಗೊಂದು ನೀಲಿ ಡ್ರಮ್ಮು ಇಟ್ಟಿದ್ದರು. ಅಣ್ಣ ಅದನ್ನು ಓರೆಗಣ್ಣಲ್ಲಿ ಕಂಡು ಶಾಲೆಯ ಮಗು ಎಂದುಕೊಂಡಿದ್ದ. ಅದು ದಾಟಲಿ ಎಂದು ಕಾದಿದ್ದ. ಕಾಲು ಗಂಟೆಯಾದರೂ ಕಾಯುತ್ತಲೇ ಇದ್ದ. ಹಿಂದೆ ವಾಹನಗಳೆಲ್ಲ ಹಾರನ್ ಹೊಡೆದರೂ, ಹೊಸ ಕಂಡಕ್ಟರು ರೈಟ್ ರೈಟ್ ಎಂದು ಕೂಗಿದರೂ ಅಲುಗಾಡಲಿಲ್ಲ. ಜನ ಬೈದು ಇಳಿದು ಹೋದರು. ಇನ್‌ಸ್ಪೆಕ್ಟರು ಹತ್ತಿದಾಗ ಅವನು ಕೇಳಿದ್ದು ಒಂದೇ ಮಾತು: "ಆ ಮಗುನ ಸ್ವಲ್ಪ ಪಕ್ಕಕ್ಕೆ ಕರ್ಕೊಳ್ಳಿ ಸಾರ್."

ಅಂದಿಗೆ ಅಣ್ಣನ ಬಸ್ಸು ಮುಗಿಯಿತು. ಪೀಪಿಯನ್ನು ಬೇರೆ ಮಾರ್ಗಕ್ಕೆ ಹಾಕಿದರು. "ಗಂಡ, ತಮ್ಮ ಇಬ್ಬರೂ ಸೇರಿ ನನ್ನ ಕಣ್ಣಿಗೆ ಮಣ್ಣೆರಚಿದ್ರಲ್ಲ" ಎಂದು ಅತ್ತಿಗೆ ಎರಡು ದಿನ ಅತ್ತರು, ಮೂರನೆಯ ದಿನ ಎದ್ದು ಒಂದು ಹೊಲಿಗೆ ಅಂಗಡಿಯಲ್ಲಿ ಕೆಲಸ ಹಿಡಿದರು. ಅಣ್ಣ ಪುಟ್ಟಿಯ ಜೊತೆ ಮಾತು ಬಿಟ್ಟ. ಒಂದೇ ಮನೆ, ಒಂದೇ ಮೆಟ್ಟಿಲು. ಅವಳ ಹೆಜ್ಜೆ ಕೇಳಿದರೆ ಅವನು ಎದ್ದು ಒಳಗೆ ಹೋಗುತ್ತಿದ್ದ. ನಾಲ್ಕು ತಿಂಗಳು ಹೀಗೇ ಕಳೆಯಿತು. ಪುಟ್ಟಿಗೆ ದಿನವೂ ಇನ್ನೊಂದು ಭಯ. ದಾರ ಪೋಣಿಸುವಾಗ ಸೂಜಿಯ ಕಣ್ಣು ಒಂದು ಕ್ಷಣ ಮಸುಕಾದರೂ ಅದನ್ನು ದೀಪಕ್ಕೆ ಹಿಡಿದು ಮತ್ತೆ ಮತ್ತೆ ನೋಡುತ್ತಿದ್ದಳು.

ಕೊನೆಗೆ ಅತ್ತಿಗೆಯೇ ಹಟ ಹಿಡಿದು ಎಲ್ಲರನ್ನೂ ಕಣ್ಣಾಸ್ಪತ್ರೆಗೆ ಹೊರಡಿಸಿದರು. ಕೆಲಸವಿದ್ದುದರಿಂದ ಅವರು ಬರಲಿಲ್ಲ. ಅಣ್ಣ, ಅವನ ಮಗಳು, ಪುಟ್ಟಿ ಹೋದರು. ಮೊದಲು ಪುಟ್ಟಿಯನ್ನು ನೋಡಿದರು. ಡಾಕ್ಟರಮ್ಮ ದೀಪ ಹಾಕಿ, ಯಂತ್ರಕ್ಕೆ ಗಲ್ಲ ಇಡಿಸಿ ಬಹಳ ಹೊತ್ತು ನೋಡಿದ ಮೇಲೆ, "ನಿಮಗೇನೂ ಇಲ್ಲ. ಕನ್ನಡಕ ಸಾಕು" ಎಂದರು. ಆಮೇಲೆ ಹುಡುಗಿ ಒಳಗೆ ಹೋದಳು. ಅವಳು ಬೇಗ ಹೊರಗೆ ಬರಲಿಲ್ಲ.

ಅಣ್ಣನನ್ನೂ ಪುಟ್ಟಿಯನ್ನೂ ಒಳಗೆ ಕರೆದು ಡಾಕ್ಟರಮ್ಮ ಮೆಲ್ಲಗೆ ಹೇಳಿದರು. ಶುರುವಾಗಿದೆ. ಅವಳ ಅಪ್ಪನಿಗಿಂತ ಬೇಗ ಶುರುವಾಗಿದೆ. "ಅವಳಿಗೆ ಈಗಲೇ ಹೇಳ್ಬೇಕಾ, ನೀವು ಯೋಚಿಸಿ."

"ನಾನೇ ಹೇಳ್ತೀನಿ" ಎಂದ ಅಣ್ಣ. "ನಮ್ಮಪ್ಪ ಹೇಳ್ಲಿಲ್ಲ. ನಾನೂ ಹೇಳ್ಲಿಲ್ಲ. ಸಾಕು."

ಹುಡುಗಿ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಕಣ್ಣಿಗೆ ಔಷಧ ಬಿಟ್ಟಿದ್ದರಿಂದ ಪಾಪೆ ದೊಡ್ಡದಾಗಿ ಕಪ್ಪಗೆ ಹೊಳೆಯುತ್ತಿತ್ತು. ಅಣ್ಣ ಬೆಂಚು ತಡವಿಕೊಂಡು ಪಕ್ಕದಲ್ಲಿ ಕೂತ.

"ನೋಡು ಮಗಳೇ, ಡಾಕ್ಟರು ಏನು ಹೇಳಿದ್ರು ಅಂದ್ರೆ..."

"ಗೊತ್ತು ಅಪ್ಪ" ಎಂದಳು ಹುಡುಗಿ. "ಬೋರ್ಡ್ ಮೇಲೆ ಬರೆದಿದ್ದು ಹೋದ ವರ್ಷದಿಂದಲೇ ಮಧ್ಯದಲ್ಲಿ ಅಳಿಸಿದ ಹಾಗೆ ಕಾಣುತ್ತೆ. ಪಕ್ಕದ ಹುಡುಗೀದು ನೋಡ್ಕೊಂಡು ಬರೀತೀನಿ. ನೀನು ಬೈತೀಯ ಅಂತ ಹೇಳ್ಲಿಲ್ಲ."

ಅಣ್ಣ ಅವಳ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಹಾಗೆಯೇ ಕೂತ. ನರ್ಸು ಬಂದು ಇನ್ಯಾರದೋ ಹೆಸರು ಕೂಗಿ ಹೋದಳು.

"ಬೈಯಲ್ಲ" ಎಂದ ಕೊನೆಗೆ. "ನಾಳೆ ನಿಮ್ಮ ಟೀಚರಿಗೆ ಹೇಳೋಣ. ನಾನೂ ಬರ್ತೀನಿ."

"ಅತ್ತೇನೂ ಬರ್ಲಿ."

"ಬರ್ತಾಳೆ." ಅಣ್ಣ ಮುಖವೆತ್ತಿ, ಪುಟ್ಟಿ ನಿಂತಿದ್ದ ಕಡೆಗೆ ಅಂದಾಜಿನಲ್ಲಿ ತಿರುಗಿದ. "ಹೋಗಿ ಹೇಳೋ ವಿಷಯದಲ್ಲಿ ಅವಳೇ ಗಟ್ಟಿಗಿತ್ತಿ."

ಅದು ಚುಚ್ಚುಮಾತೋ, ರಾಜಿಯೋ ಪುಟ್ಟಿಗೆ ತಿಳಿಯಲಿಲ್ಲ. ತಿಳಿಯುವ ತನಕ ಕಾಯಲೂ ಇಲ್ಲ. ಒಂದು ಕೈಯಲ್ಲಿ ಅಣ್ಣನ ತೋಳನ್ನೂ ಇನ್ನೊಂದರಲ್ಲಿ ಹುಡುಗಿಯ ಬೆರಳುಗಳನ್ನೂ ಹಿಡಿದು ಮೆಟ್ಟಿಲಿಳಿದಳು. ಹೊರಗೆ ಬಿಸಿಲು ರಾಚುತ್ತಿತ್ತು, ಎರಡೂ ಕಡೆಯಿಂದ ವಾಹನಗಳು ಎಡೆಬಿಡದೆ ಬರುತ್ತಿದ್ದವು. ಮೂವರಲ್ಲಿ ರಸ್ತೆ ಸರಿಯಾಗಿ ಕಾಣುತ್ತಿದ್ದುದು ಅವಳೊಬ್ಬಳಿಗೇ. ಅವಳು ಅಂಚಿನಲ್ಲಿ ನಿಂತು ಒಮ್ಮೆ ಬಲಕ್ಕೆ ನೋಡಿದಳು, ಒಮ್ಮೆ ಎಡಕ್ಕೆ ನೋಡಿದಳು, ಮತ್ತೊಮ್ಮೆ ಬಲಕ್ಕೆ ನೋಡಿದಳು. ಕಾಲು ಮಾತ್ರ ಮುಂದೆ ಬರಲಿಲ್ಲ.